ರಾತ್ರಿ ತಂಗದೆ ವಿದ್ಯೆ ಹತ್ತದು

ಆಫ್ರಿಕಾದ ಮಲಾವಿ ದೇಶದ ರಾಜಧಾನಿ ಲಿಲಾಂಗ್ವೆಯಲ್ಲಿ ಸರ್ಕಾರಿ ಕಚೇರಿಗಳಿವೆ, ಸಭಾಂಗಣಗಳಿವೆ, ಕುರ್ಚಿಗಳೂ ಇವೆ. ಆದರೂ ಅಧಿಕಾರಿಗಳ ‘ಸಾಮರ್ಥ್ಯವರ್ಧನೆ’ ಆಗಬೇಕೆಂದರೆ ನೂರು ಕಿಲೋಮೀಟರ್ ಆಚೆಯ ಸಲೀಮಾದ ಸರೋವರದ ದಡವೇ ಆಗಬೇಕು. ಊರಲ್ಲೇ ಪಾಠ ಮುಗಿಸಿ ಸಂಜೆ ಮನೆಗೆ ಹೋದರೆ ರಾತ್ರಿ ತಂಗಿದ ಭತ್ಯೆ ಗಿಟ್ಟುವುದಿಲ್ಲ ನೋಡಿ. ಭತ್ಯೆ ಇಲ್ಲದ ಪಾಠ ತಲೆಗೆ ಹತ್ತುವುದಿಲ್ಲ. (ಸಂಬಳ ತಿಂಗಳ ಅರ್ಧಕ್ಕೇ ತಳ ಕಂಡರೆ ನಾವೂ ನೀವೂ ಅಲ್ಲೇ ಇರುತ್ತಿದ್ದೆವು, ಅದು ಬೇರೆ ಮಾತು.)

ಕೊರಳಲ್ಲಿ ಹೆಸರಿನ ಚೀಟಿ, ಸ್ಟ್ಯಾಂಡಿನ ಮೇಲೆ ದೊಡ್ಡ ಬಿಳಿ ಹಾಳೆ. “ಈ ಕಾರ್ಯಾಗಾರದಿಂದ ನಿಮ್ಮ ನಿರೀಕ್ಷೆಯೇನು?” ವಿಮಾನದಲ್ಲಿ ಬಂದಿಳಿದ ಸಲಹೆಗಾರರು ಕೇಳುತ್ತಾರೆ. “ಪಾರದರ್ಶಕತೆ” ಎಂದು ಹಿಂದಿನ ಸಾಲಿನಿಂದ ಉತ್ತರ ಬರುತ್ತದೆ. ಹಸಿರು ಮಾರ್ಕರಿನಲ್ಲಿ ಅದು ಹಾಳೆ ಏರುತ್ತದೆ. ನಿಜವಾದ ಪ್ರಶ್ನೆ ಟೀ ಹೊತ್ತಿಗೆ: ಊಟ ಅವರೇ ಹಾಕಿದರೆ ನಮ್ಮ ಭತ್ಯೆಯಲ್ಲಿ ಎಷ್ಟು ಕಡಿತ? ಮೂರು ದಿನ ತೂಕಡಿಸಿದವರೂ ಸಹಿಯ ಪಟ್ಟಿ ಬಂದಾಗ ನೆಟ್ಟಗೆ ಕೂರುತ್ತಾರೆ.

ಈ ತರಬೇತಿಗೆ ಹಣ ಕೊಡುವ ವಿದೇಶಿ ದಾನಿಗಳದೂ ಅದೇ ಪಾಡು. ಕಡತ ಸರಿಯಿತೇ ಎಂದು ನೋಡುವುದು ಕಷ್ಟ, ತಲೆ ಎಣಿಸುವುದು ಸಲೀಸು. ‘ಇಷ್ಟು ಮಂದಿಗೆ ತರಬೇತಿ’ ಎಂದು ಬರೆದರೆ ವರದಿ ಮುಗಿಯಿತು. ಒಬ್ಬೊಬ್ಬರು ಒಂದೊಂದು ದಿಕ್ಕಿಗೆ ಎಳೆಯಬಾರದೆಂದು 2005ರಲ್ಲಿ ಪ್ಯಾರಿಸ್‌ನಲ್ಲಿ ಕೂತು ಘೋಷಣೆ ಹೊರಡಿಸಿದರು. 2008ರಲ್ಲಿ ಅಕ್ರಾದಲ್ಲಿ ಕೂತರು, 2011ರಲ್ಲಿ ಬುಸಾನ್‌ನಲ್ಲಿ ಕೂತರು. ರಾತ್ರಿ ತಂಗದೆ ಅವರಿಗೂ ವಿದ್ಯೆ ಹತ್ತುವುದಿಲ್ಲ.

ಇಷ್ಟೆಲ್ಲ ತರಬೇತಿ ನೀರುಪಾಲಾಯಿತು ಎನ್ನುವವರು ಮಲಾವಿಯ ಖಜಾನೆಯನ್ನೇ ದೋಚಿದ 2013ರ ‘ಕ್ಯಾಶ್‌ಗೇಟ್’ ಹಗರಣ ನೆನಪಿಸಿಕೊಳ್ಳಲಿ. ಸರ್ಕಾರದ ಲೆಕ್ಕ ಪಾರದರ್ಶಕವಾಗಲೆಂದೇ ‘ಇಫ್ಮಿಸ್’ ಎಂಬ ಕಂಪ್ಯೂಟರ್ ವ್ಯವಸ್ಥೆ ಬಂದಿತ್ತು. ಅದರೊಳಗೇ ಕೂತು ಬಾರದ ಸರಕಿಗೆ, ಆಗದ ಕೆಲಸಕ್ಕೆ ಹಣ ಪಾವತಿಸಿ, ಆಮೇಲೆ ಪಾವತಿಯ ದಾಖಲೆಯನ್ನೇ ಅಳಿಸಿಹಾಕಿದರು. ಹಳೇ ಲೆಡ್ಜರಿನಲ್ಲಾಗಿದ್ದರೆ ರಬ್ಬರ್ ಉಜ್ಜಿದ ಗುರುತಾದರೂ ಉಳಿಯುತ್ತಿತ್ತು. ಸಾಮರ್ಥ್ಯ ವರ್ಧಿಸಿಲ್ಲ ಎಂದು ಯಾವ ಬಾಯಿಂದ ಹೇಳುವುದು?

ದಾನಿಗಳು ಬೆಚ್ಚಿಬಿದ್ದು ಬಜೆಟ್ಟಿಗೆ ಕೊಡುತ್ತಿದ್ದ ನೇರ ನೆರವು ನಿಲ್ಲಿಸಿದರು. ಆದರೆ ಹಣಕಾಸಿನ ಶಿಸ್ತು ಕೆಟ್ಟಿದೆ ಎಂದಮೇಲೆ ಕಲಿಸಲೇಬೇಕಲ್ಲ. ಸಲೀಮಾಗೆ ಬಸ್ಸು ಹೊರಟರೆ ನನಗೂ ಕಿಟಕಿ ಪಕ್ಕ ಒಂದು ಸೀಟು ಹಿಡಿದಿಡಿ. ಅಲ್ಲಿಯ ಚಾಂಬೊ ಮೀನು ಬಲು ರುಚಿಯಂತೆ. ಊಟ ಅವರದೇ ಆದರೆ ಮಾತ್ರ ಮೊದಲೇ ತಿಳಿಸಿ, ಲೆಕ್ಕ ಹಾಕಬೇಕು.