ಸೀಸನ್ ನಡುವೆ ಆಟಗಾರರ ಅದಲುಬದಲು: ಇರಬೇಕೆ, ಬೇಡವೆ?

ಅಮೆರಿಕದ ಎನ್‌ಬಿಎ ಬ್ಯಾಸ್ಕೆಟ್‌ಬಾಲ್ ಲೀಗಿನ ಸೀಸನ್ ಅಕ್ಟೋಬರಿನಲ್ಲಿ ಆರಂಭವಾಗುತ್ತದೆ. ಅದು ಅರ್ಧ ದಾಟಿದ ಮೇಲೂ, ಫೆಬ್ರುವರಿಯ ಗಡುವಿನವರೆಗೆ, ತಂಡಗಳು ತಮ್ಮ ಆಟಗಾರರನ್ನು ಪರಸ್ಪರ ಅದಲುಬದಲು ಮಾಡಿಕೊಳ್ಳಬಹುದು; ಇದಕ್ಕೆ 'ಟ್ರೇಡ್' ಎನ್ನುತ್ತಾರೆ. ಬಹುಪಾಲು ಆಟಗಾರರ ಒಪ್ಪಿಗೆ ಇದಕ್ಕೆ ಬೇಕಿಲ್ಲ. ಈ ಪದ್ಧತಿ ಮುಂದುವರಿಯಬೇಕೆ?

ಪರ: ಫೆಬ್ರುವರಿಯ ಬಾಗಿಲು ತೆರೆದಿರಲಿ

ಒಂದು ವಿಷಯವನ್ನು ಮೊದಲೇ ಹೇಳಿಬಿಡುತ್ತೇನೆ. ಡಲ್ಲಾಸ್ ಮ್ಯಾವರಿಕ್ಸ್ ಪ್ರಶಸ್ತಿ ಗೆದ್ದ 2011ರಿಂದಲೂ ನಾನು ಆ ತಂಡದ ಅಭಿಮಾನಿ. ಟ್ರೇಡ್ ಪರವಾಗಿ ಬರೆಯಲು ನನ್ನನ್ನೇ ಕೇಳಿದ್ದು ಸಂಪಾದಕರ ಹಾಸ್ಯವೋ ಮರೆವೋ ತಿಳಿಯದು. 2025ರ ಫೆಬ್ರುವರಿ 2ರ ಭಾನುವಾರ ಬೆಳಿಗ್ಗೆ ನಮಗೆ ತಲುಪಿದ ಸುದ್ದಿಯ ಬಗ್ಗೆ ನಾನು ಇಲ್ಲಿ ಏನನ್ನೂ ಬರೆಯುವುದಿಲ್ಲ; ಎದುರು ಪಕ್ಷದವರು ಅದನ್ನು ಹೇಗೂ ಬಿಡಲಾರರು.

ಟ್ರೇಡ್ ಎಂದರೆ ದುಡ್ಡಿದ್ದವರು ಬೇಕಾದವರನ್ನು ಎತ್ತಿಕೊಂಡು ಹೋಗುವುದು ಎಂಬ ತಪ್ಪು ತಿಳಿವಳಿಕೆ ನಮ್ಮಲ್ಲಿದೆ. ನಿಜಸ್ಥಿತಿ ಇದಕ್ಕೆ ತದ್ವಿರುದ್ಧ. ಸಂಬಳದ ಮಿತಿಯನ್ನು ದಾಟಿರುವ ತಂಡವು ಹೊರಹೋಗುವವರ ಸಂಬಳಕ್ಕೆ ಒಳಬರುವವರ ಸಂಬಳವನ್ನು ಹೆಚ್ಚೂಕಡಿಮೆ ಸರಿದೂಗಿಸಲೇಬೇಕು. ತಂಡದ ಒಟ್ಟು ಸಂಬಳಕ್ಕೆ ಎಳೆದಿರುವ 'ಸೆಕೆಂಡ್ ಏಪ್ರನ್' ಎಂಬ ಗೆರೆಯನ್ನು, ಅಂದರೆ 2024-25ರಲ್ಲಿ ಸುಮಾರು 18.9 ಕೋಟಿ ಡಾಲರನ್ನು, ಮೀರಿದ ತಂಡಕ್ಕೆ ಇಬ್ಬರು ಆಟಗಾರರ ಸಂಬಳವನ್ನು ಕೂಡಿಸಿ ಒಬ್ಬ ದುಬಾರಿ ಆಟಗಾರನನ್ನು ತರುವ ಅವಕಾಶವೂ ಇಲ್ಲ. ಭವಿಷ್ಯದ ಡ್ರಾಫ್ಟ್ ಪಿಕ್‌ಗಳನ್ನು, ಅಂದರೆ ಮುಂದೆ ಬರುವ ಹೊಸ ಹುಡುಗರನ್ನು ಆರಿಸಿಕೊಳ್ಳುವ ಸರದಿಯನ್ನು, ಏಳು ವರ್ಷಗಳಾಚೆಗೆ ಮಾರುವಂತಿಲ್ಲ. ಮೊದಲ ಸುತ್ತಿನ ಪಿಕ್ ಇಲ್ಲದೆ ಎರಡು ವರ್ಷ ಒಟ್ಟಿಗೆ ಕಳೆಯುವಂತೆ ತಂಡವನ್ನು ಬರಿದು ಮಾಡುವಂತೆಯೂ ಇಲ್ಲ. 1980ರ ದಶಕದ ಆರಂಭದಲ್ಲಿ ಕ್ಲೀವ್‌ಲ್ಯಾಂಡ್ ತಂಡದ ಮಾಲೀಕ ಟೆಡ್ ಸ್ಟೆಪಿಯನ್ ಪಿಕ್‌ಗಳನ್ನು ಕೈಬಿಟ್ಟ ರೀತಿಯನ್ನು ನೋಡಿ ಲೀಗ್ ಈ ನಿಯಮ ಮಾಡಿತು. ಅದಕ್ಕೆ ಇಂದಿಗೂ ಅವರದೇ ಹೆಸರು.

ಈ ಲೆಕ್ಕ ಎಷ್ಟು ಬಿಗಿ ಎಂಬುದಕ್ಕೆ ನನ್ನ ಮೆಚ್ಚಿನ ಉದಾಹರಣೆ 2008ರ ಫೆಬ್ರುವರಿಯದು. ಮೆಂಫಿಸ್ ತಂಡ ತನ್ನ ದೊಡ್ಡ ಆಟಗಾರ ಪೌ ಗಸೋಲ್‌ನನ್ನು ಲಾಸ್ ಏಂಜಲೀಸ್‌ನ ಲೇಕರ್ಸ್ ತಂಡಕ್ಕೆ ಕೊಟ್ಟಿತು. ಸಂಬಳ ಸರಿದೂಗದ ಕಾರಣ ಲೇಕರ್ಸ್, ಆಗಲೇ ಫಿಲಡೆಲ್ಫಿಯಾದಲ್ಲಿ ಸ್ವಯಂಸೇವಕ ಸಹಾಯಕ ಕೋಚ್ ಆಗಿದ್ದ ಆರನ್ ಮಕೀ ಎಂಬ ಹಳೆಯ ಆಟಗಾರನಿಂದ ಹೊಸದಾಗಿ ಸಹಿ ಹಾಕಿಸಿ, ತಕ್ಕಡಿಗೆ ತೂಕದ ಕಲ್ಲನ್ನು ಇಟ್ಟ ಹಾಗೆ ಆತನನ್ನೂ ವ್ಯವಹಾರದಲ್ಲಿ ಸೇರಿಸಿತು. ಮೆಂಫಿಸ್ ಮೋಸಹೋಯಿತು ಎಂದು ಎಲ್ಲರೂ ನಕ್ಕರು. ಆದರೆ ಆ ಗಂಟಿನೊಳಗೆ ಸ್ಪೇನಿನಲ್ಲಿ ಆಡುತ್ತಿದ್ದ ಪೌನ ತಮ್ಮ ಮಾರ್ಕ್‌ನನ್ನು ಲೀಗಿಗೆ ಕರೆತಂದು ಆಡಿಸುವ ಹಕ್ಕೂ ಇತ್ತು. ಅಣ್ಣ 2009 ಮತ್ತು 2010ರಲ್ಲಿ ಲೇಕರ್ಸ್ ಪರ ಪ್ರಶಸ್ತಿ ಗೆದ್ದ; ತಮ್ಮ ಮೆಂಫಿಸ್‌ನಲ್ಲಿ ಬೆಳೆದು 2013ರಲ್ಲಿ ಲೀಗಿನ ಶ್ರೇಷ್ಠ ರಕ್ಷಣಾ ಆಟಗಾರನಾದ. ಆಮೇಲೆ 2019ರ ಫೆಬ್ರುವರಿಯಲ್ಲಿ ಅವನೂ ಟ್ರೇಡ್ ಆಗಿ ಟೊರಾಂಟೋಗೆ ಹೋಗಿ, ನಾಲ್ಕೇ ತಿಂಗಳಲ್ಲಿ ಅಲ್ಲಿ ಪ್ರಶಸ್ತಿ ಎತ್ತಿದ. ಹೀಗೆ ಒಂದೇ ಮನೆಯ ಇಬ್ಬರಿಗೆ ಪ್ರಶಸ್ತಿಯ ದಾರಿ ತೆರೆದದ್ದು ಫೆಬ್ರುವರಿಯ ಟ್ರೇಡ್.

82 ಪಂದ್ಯಗಳ ಸೀಸನ್‌ನಲ್ಲಿ ತಂಡದ ಬಂಡವಾಳ ಬಯಲಾಗುವುದೇ ಚಳಿಗಾಲದಲ್ಲಿ. ಯಾರಿಗೆ ಪೆಟ್ಟಾಗಿದೆ, ಯಾರ ಆಟ ಯಾರ ಆಟಕ್ಕೆ ಹೊಂದುತ್ತಿಲ್ಲ ಎಂಬುದೆಲ್ಲ ಆಗಲೇ ತಿಳಿಯುತ್ತದೆ. 2022ರ ಫೆಬ್ರುವರಿಯಲ್ಲಿ ಇಂಡಿಯಾನಾ ತಂಡ ಸಬೋನಿಸ್‌ನನ್ನು ಕೊಟ್ಟು ತರುಣ ಹ್ಯಾಲಿಬರ್ಟನ್‌ನನ್ನು ತಂದುಕೊಂಡಿತು. 2025ರಲ್ಲಿ ಫೈನಲ್ ಆಡಿತು. ಸಣ್ಣ ಊರಿನ ತಂಡಕ್ಕೆ ದೊಡ್ಡ ಹೆಸರಿನವರು ತಾವಾಗಿ ಬರುವುದು ಅಪರೂಪ. ಅದಕ್ಕೆ ಈ ಬಾಗಿಲು ಮುಚ್ಚಿದರೆ ಮತ್ತಾವ ಬಾಗಿಲಿದೆ?

ಆಟಗಾರನ ಒಪ್ಪಿಗೆಯ ಪ್ರಶ್ನೆ ಬಂದೇ ಬರುತ್ತದೆ. ಇದೆಲ್ಲವೂ ಆಟಗಾರರ ಸಂಘವೇ ಸಹಿ ಹಾಕಿರುವ ಒಪ್ಪಂದದಲ್ಲಿದೆ. ಅದಕ್ಕಿಂತ ಹೆಚ್ಚಿಗೆ ನಾನು ಹೇಳಬೇಕಾದದ್ದಿಲ್ಲ.

ವಿರೋಧ: ಮನುಷ್ಯರನ್ನು ಹೀಗೆ ಎತ್ತಿಡುವುದು ಸಲ್ಲದು

ತೂಕದ ಕಲ್ಲು! ಪರ ವಹಿಸಿದವರ ಬಾಯಿಂದಲೇ ಆ ಮಾತು ಬಂದದ್ದು ಒಳ್ಳೆಯದಾಯಿತು. ಅವರಿಗೆ ಟ್ರೇಡ್ ಎಂದರೆ ಏಪ್ರನ್, ಪಿಕ್, ಕೋಟಿಗಳ ಕೂಡುಕಳೆ. ತಕ್ಕಡಿಯಲ್ಲಿ ಕುಳಿತವನಿಗೆ ಮನೆ ಇದೆ, ಶಾಲೆಗೆ ಹೋಗುವ ಮಕ್ಕಳಿದ್ದಾರೆ ಎಂಬುದು ಅವರ ಲೆಕ್ಕದ ಪುಸ್ತಕದ ಯಾವ ಅಂಕಣದಲ್ಲೂ ಬರುವುದಿಲ್ಲ.

2019ರ ಫೆಬ್ರುವರಿ 6ರಂದು ಡಲ್ಲಾಸ್‌ನ ಹ್ಯಾರಿಸನ್ ಬಾರ್ನ್ಸ್ ತನ್ನ ಊರಿನ ಅಂಗಣದಲ್ಲಿ ಷಾರ್ಲಟ್ ವಿರುದ್ಧ ಆಡುತ್ತಿದ್ದಾಗಲೇ ಅವನನ್ನು ಸ್ಯಾಕ್ರಮೆಂಟೋಗೆ ಕೊಟ್ಟಾಗಿತ್ತು. ಅವನು ಎದ್ದು ಹೋಗಲಿಲ್ಲ. ಇನ್ನು ತನ್ನದಲ್ಲದ ತಂಡದ ಸಮವಸ್ತ್ರದಲ್ಲಿ, ಪಂದ್ಯ ಮುಗಿಯುವವರೆಗೆ ಬೆಂಚಿನ ಮೇಲೆ ಕುಳಿತಿದ್ದ. ನಮ್ಮ ಡಲ್ಲಾಸ್ ಅಭಿಮಾನಿಗಳಿಗೆ ಭಾನುವಾರದ ಸುದ್ದಿ ಮಾತ್ರವಲ್ಲ, ಈ ಬೆಂಚು ಕೂಡ ಮರೆತಂತಿದೆ.

ಭಾನುವಾರದ ಸುದ್ದಿಯನ್ನೂ ನಾನೇ ಹೇಳಬೇಕು. ಹಿಂದಿನ ವರ್ಷವಷ್ಟೇ ತಂಡವನ್ನು ಫೈನಲ್‌ಗೆ ಒಯ್ದಿದ್ದ 25 ವರ್ಷದ ಲೂಕಾ ಡಾನ್ಚಿಚ್‌ನನ್ನು ಡಲ್ಲಾಸ್ ಸದ್ದಿಲ್ಲದೆ ಲೇಕರ್ಸ್‌ಗೆ ಕೊಟ್ಟಿತು. ಅಲ್ಲಿಯೇ ಉಳಿದಿದ್ದರೆ ಆ ಬೇಸಿಗೆಯಲ್ಲಿ ಅವನು ಐದು ವರ್ಷಗಳಿಗೆ ಸುಮಾರು 34.5 ಕೋಟಿ ಡಾಲರಿನ ಒಪ್ಪಂದಕ್ಕೆ ಅರ್ಹನಾಗುತ್ತಿದ್ದ. ಊರು ಬದಲಾದ ಕ್ಷಣವೇ ಆ ಅರ್ಹತೆ ಹೋಯಿತು. ಬೇಡವೆನ್ನುವ ಹಕ್ಕನ್ನು ಒಪ್ಪಂದದಲ್ಲಿ ಬರೆಸಿಕೊಳ್ಳಬಹುದಲ್ಲ ಎನ್ನುವವರಿದ್ದಾರೆ. ಅದಕ್ಕೆ ಲೀಗಿನಲ್ಲಿ ಎಂಟು ವರ್ಷ, ಅದೇ ತಂಡದಲ್ಲಿ ನಾಲ್ಕು ವರ್ಷ ಆಡಿರಬೇಕು; ಇಡೀ ಲೀಗಿನಲ್ಲಿ ಅದನ್ನು ಪಡೆದವರನ್ನು ಬೆರಳಲ್ಲಿ ಎಣಿಸಬಹುದು. ಯೂರೋಪಿನ ಫುಟ್‌ಬಾಲ್‌ನಲ್ಲಾದರೆ ಆಟಗಾರ ಒಪ್ಪದೆ ಅವನನ್ನು ಇನ್ನೊಂದು ಕ್ಲಬ್ಬಿಗೆ ಮಾರಲು ಬರುವುದಿಲ್ಲ. ಅಲ್ಲಿ ಸಣ್ಣ ಊರಿನ ತಂಡಗಳೇನೂ ಬಾಗಿಲು ಮುಚ್ಚಿಲ್ಲ.

ಸಂಘವೇ ಸಹಿ ಹಾಕಿದೆ ಎನ್ನುತ್ತಾರೆ. ನಮ್ಮ ತಂದೆಯವರ ಸಂಘವೂ ಸಹಿ ಹಾಕಿತ್ತು. ಅವರು ಒಂದು ಬ್ಯಾಂಕಿನಲ್ಲಿ ಅಧಿಕಾರಿಯಾಗಿದ್ದರು. ನಾನು ಒಂಬತ್ತನೆಯ ತರಗತಿಯಲ್ಲಿದ್ದ ವರ್ಷ, ಸಂಕ್ರಾಂತಿ ಕಳೆದು ನಾಲ್ಕನೆಯ ದಿನ, ಎಳ್ಳುಬೆಲ್ಲದ ಡಬ್ಬಿ ಇನ್ನೂ ಮೇಜಿನ ಮೇಲಿರುವಾಗಲೇ, ಹಾಸನದಿಂದ ರಾಯಚೂರಿಗೆ ವರ್ಗವಾದ ಆದೇಶ ಬಂತು. ಆಡಳಿತಾತ್ಮಕ ಕಾರಣಗಳಿಂದ, ತಕ್ಷಣವೇ ಹಾಜರಾಗತಕ್ಕದ್ದು ಎಂದು ಅದರಲ್ಲಿತ್ತು. ಅಮ್ಮ ರುಬ್ಬುಗುಂಡನ್ನು ಗೋಣಿಚೀಲದಲ್ಲಿ ಸುತ್ತಿ ಲಾರಿಗೆ ಹಾಕಿಸಿದರು. ತುಳಸಿ ಕುಂಡ ದಾರಿಯಲ್ಲಿ ಒಡೆಯಿತು. ಹಾಸನದಲ್ಲಿ ನನ್ನ ಪ್ರಥಮ ಭಾಷೆ ಸಂಸ್ಕೃತ. ಹೊಸ ಶಾಲೆಯಲ್ಲಿ ಸಂಸ್ಕೃತದ ಮೇಷ್ಟರೇ ಇರಲಿಲ್ಲ. ಮಾರ್ಚಿನ ಪರೀಕ್ಷೆಗೆ ಎರಡು ತಿಂಗಳಿರುವಾಗ, ಉಳಿದವರು ಜೂನ್‌ನಿಂದ ಓದುತ್ತಿದ್ದ ಕನ್ನಡ ಪಠ್ಯವನ್ನು, ಹಳಗನ್ನಡ ಪದ್ಯಗಳ ಸಮೇತ, ನಾನು ಮೊದಲ ಪುಟದಿಂದ ಆರಂಭಿಸಿದೆ. ಹಾಜರಿ ಪುಸ್ತಕದಲ್ಲಿ ಎಲ್ಲರ ಹೆಸರೂ ಅಕ್ಷರಾನುಕ್ರಮದಲ್ಲಿದ್ದವು. ನನ್ನದು ಕೊನೆಯಲ್ಲಿ, ಬೇರೆ ಶಾಯಿಯಲ್ಲಿತ್ತು. ಸಹಪಾಠಿಗಳು ಆ ಹೆಸರನ್ನೂ ಬಿಟ್ಟು ನನ್ನನ್ನು 'ಹಾಸನ' ಎಂದೇ ಕರೆಯುತ್ತಿದ್ದರು.

ಕೋಟಿಗಟ್ಟಲೆ ಪಡೆಯುವ ಆಟಗಾರನಿಗೂ ಬ್ಯಾಂಕ್ ಅಧಿಕಾರಿಗೂ ಎಲ್ಲಿಯ ಹೋಲಿಕೆ ಎಂದು ಕೇಳಬಹುದು. ಹೋಲಿಕೆ ಇದೆ. ಬೇಸಿಗೆಯಲ್ಲಿ ಮಾಡಿದ ಟ್ರೇಡನ್ನು ನಾನು ಆಕ್ಷೇಪಿಸುವುದಿಲ್ಲ. ಆಗ ಸೀಸನ್ ಮುಗಿದಿರುತ್ತದೆ, ಮಕ್ಕಳಿಗೆ ರಜೆ ಇರುತ್ತದೆ. ನಡು ಸೀಸನ್‌ನಲ್ಲಿ ಮಾತ್ರ ಆಟಗಾರನ ಸಹಿ ಕಡ್ಡಾಯವಾಗಲಿ ಎಂಬುದಷ್ಟೇ ನನ್ನ ಬೇಡಿಕೆ.

ಲೂಕಾ ಬಂದ ಅದೇ ವಾರ ಲೇಕರ್ಸ್, ಲೀಗಿಗೆ ಹೊಸಬನಾಗಿದ್ದ ಡಾಲ್ಟನ್ ನೆಕ್ಟ್‌ನನ್ನು ಷಾರ್ಲಟ್‌ಗೆ ಕೊಟ್ಟು ಮಾರ್ಕ್ ವಿಲಿಯಮ್ಸ್‌ನನ್ನು ಪಡೆಯಲು ಒಪ್ಪಿತು. ವಿಲಿಯಮ್ಸ್ ವೈದ್ಯಕೀಯ ಪರೀಕ್ಷೆಯಲ್ಲಿ ತೇರ್ಗಡೆಯಾಗಲಿಲ್ಲವೆಂದು ಫೆಬ್ರುವರಿ 8ರಂದು ಇಡೀ ವ್ಯವಹಾರ ರದ್ದಾಯಿತು. ಬೇಡವೆಂದು ಕಳುಹಿಸಿದ ತಂಡಕ್ಕೇ ನೆಕ್ಟ್ ಮರಳಬೇಕಾಯಿತು. ನಮ್ಮ ತಂದೆಯವರಿಗೂ ಜುಲೈಯಲ್ಲಿ ಹಾಸನಕ್ಕೇ ವಾಪಸ್ ವರ್ಗವಾಯಿತು. ಆಡಳಿತಾತ್ಮಕ ಕಾರಣಗಳಿಂದ ಎಂದೇ ಆ ಆದೇಶದಲ್ಲೂ ಇತ್ತು. ಹಳೆಯ ಶಾಲೆಯ ಹಾಜರಿ ಪುಸ್ತಕದಲ್ಲಿ ಈ ಸಲವೂ ನನ್ನ ಹೆಸರು ಕೊನೆಯಲ್ಲಿ, ಬೇರೆ ಶಾಯಿಯಲ್ಲೇ ಇತ್ತು.