ಫಸ್ಟ್ ಪೇಜ್ ಗ್ಯಾರಂಟಿ ಅಂತೆ, ಗ್ಯಾರಂಟಿ!

ಚಿಕ್ಕಮಗಳೂರು, ಸಕಲೇಶಪುರ ಕಡೆಯ ಹೋಂಸ್ಟೇಗಳಿಗೆ ವೆಬ್‌ಸೈಟ್ ಮಾಡಿಕೊಟ್ಟು ನೋಡಿಕೊಳ್ಳುವುದು ನನ್ನ ಹೊಟ್ಟೆಪಾಡು. ನನ್ನ ಗಿರಾಕಿಗಳಿಗೆ ಎಲ್ಲಿಂದಲೋ ಫೋನ್ ಬರುತ್ತದೆ: "ಸಾರ್, ನಿಮ್ಮ ಸೈಟಲ್ಲಿ ತುಂಬಾ ಎರರ್ ಇದೆ, ಹದಿನೈದು ದಿನದಲ್ಲಿ ಗೂಗಲ್ ಫಸ್ಟ್ ಪೇಜ್, ಗ್ಯಾರಂಟಿ." ಅದಾದ ಅರ್ಧ ಗಂಟೆಗೆ ನನಗೆ ಫೋನ್. "ಅವರು ಗ್ಯಾರಂಟಿ ಕೊಡ್ತಾರಂತೆ ಮಾರಾಯ್ರೆ, ನೀವ್ಯಾಕೆ ಕೊಡಲ್ಲ?"

ಯಾಕೆಂದರೆ ಅದು ಯಾರ ಕೈಲೂ ಆಗದ ಕೆಲಸ. ಗೂಗಲ್‌ನಲ್ಲಿ ಮೊದಲ ಸ್ಥಾನದ ಗ್ಯಾರಂಟಿಯನ್ನು ಯಾರೂ ಕೊಡಲಾರರು ಅಂತ ಗೂಗಲ್ಲೇ ತನ್ನ ಸಹಾಯ ಪುಟದಲ್ಲಿ ಬರೆದಿಟ್ಟಿದೆ. ಬದಲಾವಣೆ ಮಾಡಿದ ಮೇಲೆ ಫಲ ಕಾಣಲು ಸಾಮಾನ್ಯವಾಗಿ ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಅಂತ ಅವರದೇ ವಿಡಿಯೋ ಕೂಡ ಇದೆ. ಇದನ್ನು ಹೇಳಿದರೆ ನಾನು ಕೆಲಸ ಬಾರದವನು. ಸುಳ್ಳು ಹೇಳಿದವನು ಎಕ್ಸ್‌ಪರ್ಟ್!

ಗ್ಯಾರಂಟಿಯ ಗುಟ್ಟು ಏನು ಗೊತ್ತಾ? ನಿಮ್ಮ ಹೋಂಸ್ಟೇ ಹೆಸರು, ಅದರ ಮುಂದೆ ಊರಿನ ಹೆಸರು, ಜೊತೆಗೆ ಇನ್ನೆರಡು ಪದ ಸೇರಿಸಿ ಹುಡುಕಿ ಸ್ಕ್ರೀನ್‌ಶಾಟ್ ಕಳಿಸುತ್ತಾರೆ. ಅಷ್ಟು ಪದ ಹಾಕಿ ನಿಮ್ಮ ಹೋಂಸ್ಟೇಯನ್ನೇ ಹುಡುಕುವವರು ಆಗಲೇ ಬುಕ್ ಮಾಡಿದವರು, ಇಲ್ಲವೇ ನಿಮ್ಮ ಭಾವ! ಇನ್ನು ನಮ್ಮ ಯಜಮಾನರು ಎಸ್ಟೇಟಿನಲ್ಲೇ ಕೂತು ತಮ್ಮ ಫೋನಲ್ಲಿ ಹುಡುಕಿ "ನೋಡಿ, ಮೇಲೇ ಬಂತು" ಅಂತ ಖುಷಿಪಡುತ್ತಾರೆ. ಸ್ವಾಮಿ, ಎಲ್ಲಿ ನಿಂತು ಹುಡುಕುತ್ತೀರಿ ಅನ್ನುವುದರ ಮೇಲೂ ಫಲಿತಾಂಶ ಬದಲಾಗುತ್ತದೆ. ಬೆಂಗಳೂರಿನ ಆಫೀಸಲ್ಲಿ ಕೂತವನಿಗೆ ಏನು ಕಾಣುತ್ತದೆ ಅನ್ನುವುದು ತಾನೇ ಮುಖ್ಯ?

ಮಾರುವ ಸರಕಾದರೂ ಹೊಸದಾ? "ಮೆಟಾ ಕೀವರ್ಡ್ಸ್ ಸೆಟ್ಟಿಂಗ್" ಅಂತ ಬಿಲ್‌ನಲ್ಲಿ ಒಂದು ಸಾಲು ಇದ್ದೇ ಇರುತ್ತದೆ. ಪುಟದ ಕೋಡಿನೊಳಗೆ, ಓದುವವರಿಗೆ ಕಾಣದ ಹಾಗೆ ಪದಗಳ ಪಟ್ಟಿ ತುಂಬುವ ಟ್ಯಾಗ್ ಅದು. ಆ ಟ್ಯಾಗನ್ನು ರ್‍ಯಾಂಕಿಂಗ್‌ಗೆ ನೋಡುವುದೇ ಇಲ್ಲ ಅಂತ ಗೂಗಲ್ 2009ರಲ್ಲೇ ಹೇಳಿಯಾಗಿದೆ. 2009! "ಡೊಮೈನ್ ಅಥಾರಿಟಿ ಹೆಚ್ಚಿಸಿಕೊಡ್ತೀವಿ" ಅನ್ನುತ್ತಾರೆ. ಅದು ಮಾಜ್ ಅನ್ನುವ ಕಂಪನಿ ತನ್ನ ಲೆಕ್ಕಕ್ಕೆ ಮಾಡಿಕೊಂಡ ಅಂಕ, ಗೂಗಲ್‌ಗೂ ಅದಕ್ಕೂ ಸಂಬಂಧ ಇಲ್ಲ. ಬೋರ್‌ವೆಲ್ ತೋಡಿಸುವ ಮುಂಚೆ ಅಂಗೈಯಲ್ಲಿ ತೆಂಗಿನಕಾಯಿ ಇಟ್ಟುಕೊಂಡು ತೋಟ ಸುತ್ತುವವರೇ ಇವರಿಗಿಂತ ವಾಸಿ, ಕಾಯಾದರೂ ಮನೆಗೆ ಉಳಿಯುತ್ತದೆ.

ಬ್ಯಾಕ್‌ಲಿಂಕ್, ಅಂದರೆ ಬೇರೆ ಸೈಟುಗಳಿಂದ ನಿಮ್ಮ ಸೈಟಿಗೆ ಬರುವ ಲಿಂಕ್, ಅದರ ಕಥೆ ಕೇಳಿ. ಸಾವಿರ ಲಿಂಕ್‌ಗೆ ಇಷ್ಟು, ಐದು ಸಾವಿರಕ್ಕೆ ಡಿಸ್ಕೌಂಟ್. ಒಂದು ಹೋಂಸ್ಟೇಗೆ ಕೊಂಡ ಲಿಂಕ್‌ಗಳ ಪಟ್ಟಿ ತೆಗೆದು ನೋಡಿದೆ. ಯಾವುದೋ ದೇಶದ ಜೂಜಿನ ಸೈಟು, ಯಾರೂ ಓದದ ಕಾಮೆಂಟುಗಳು, ತಲೆಬುಡ ಇಲ್ಲದ ಡೈರೆಕ್ಟರಿಗಳು. ಇಂಥ ಲಿಂಕ್ ಆಟವನ್ನು ಹಿಡಿಯಲೆಂದೇ ಗೂಗಲ್ 2012ರ ಏಪ್ರಿಲ್‌ನಲ್ಲಿ ಪೆಂಗ್ವಿನ್ ಅನ್ನುವ ಅಪ್‌ಡೇಟ್ ತಂದಿತ್ತು. ಆಗ ಎಷ್ಟೋ ಸೈಟುಗಳು ನೆಲಕ್ಕೆ ಬಿದ್ದವು. ಈಗ ಇಂಥ ಲಿಂಕುಗಳನ್ನು ಹೆಚ್ಚಾಗಿ ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ, ಅಂದರೆ ದುಡ್ಡು ಸೀದಾ ಚರಂಡಿಗೆ. ನಿಮ್ಮಲ್ಲಿ ಉಳಿದು ಹೋದವರೊಬ್ಬರು ತಮ್ಮ ಬ್ಲಾಗಿನಲ್ಲಿ ಮನಸಾರೆ ಬರೆದು ಕೊಡುವ ಒಂದು ಲಿಂಕ್ ಇದಕ್ಕಿಂತ ಮೇಲು.

ಇಷ್ಟಾದರೆ ದುಡ್ಡು ಹೋಯಿತು ಅಂತ ಸುಮ್ನಿರಬಹುದಿತ್ತು. ಆದರೆ ಇವರು ಪಾಸ್‌ವರ್ಡ್ ಕೇಳುತ್ತಾರೆ, ನಮ್ಮವರು ಕೊಟ್ಟೂ ಬಿಡುತ್ತಾರೆ. ಒಬ್ಬ ಮಹಾಶಯ ಒಳಗೆ ಹೋಗಿ ಎಲ್ಲ ಪುಟಗಳ ವಿಳಾಸ ಬದಲಾಯಿಸಿದ, ಹಳೆಯ ವಿಳಾಸದಿಂದ ಹೊಸದಕ್ಕೆ ರೀಡೈರೆಕ್ಟ್ ಕೊಡಲೇ ಇಲ್ಲ. ವರ್ಷಗಟ್ಟಲೆ ಗೂಗಲ್‌ನಲ್ಲಿ ಕೂತಿದ್ದ ಪುಟಗಳನ್ನು ಒತ್ತಿದರೆ "ಪುಟ ಸಿಗುತ್ತಿಲ್ಲ". ಮೇಲಿಂದ ಮೂಡಿಗೆರೆ, ಕಳಸ, ಕೊಪ್ಪ, ಶೃಂಗೇರಿ ಅಂತ ಊರಿಗೊಂದು ಪುಟ ಮಾಡಿ, ಊರ ಹೆಸರು ಬಿಟ್ಟು ಉಳಿದದ್ದೆಲ್ಲ ಅಕ್ಷರಕ್ಕಕ್ಷರ ಒಂದೇ ಬರಹ ಹಾಕಿದ್ದ. ಇದು ಗೂಗಲ್‌ನ ಸ್ಪ್ಯಾಮ್ ನಿಯಮದಲ್ಲೇ ಬೇಡ ಅಂತ ಇರುವ ಕೆಲಸ. ಸಾಲದ್ದಕ್ಕೆ ಮ್ಯಾಪ್‌ನಲ್ಲಿ ಹೋಂಸ್ಟೇ ಹೆಸರಿನ ಬಾಲಕ್ಕೆ "ಬೆಸ್ಟ್ ಹೋಂಸ್ಟೇ ನಿಯರ್ ಮೀ" ಅಂತ ಅಂಟಿಸಿದ್ದ. ಬೋರ್ಡಿನಲ್ಲಿ ಇರುವ ಹೆಸರೇ ಅಲ್ಲಿ ಇರಬೇಕು ಅನ್ನುವುದು ನಿಯಮ. ಪ್ರೊಫೈಲ್ ಸಸ್ಪೆಂಡ್ ಆಯಿತು, ಅದೂ ಡಿಸೆಂಬರ್ ರಜೆಯ ಸಮಯದಲ್ಲಿ. ಯಜಮಾನರು ಬೈದದ್ದು ಯಾರಿಗೆ? ನನಗೆ! ಅವನ ಫೋನು ಸ್ವಿಚ್ ಆಫ್ ಆಗಿತ್ತಲ್ಲ.

ಗೂಗಲ್‌ಗೆ ಆ್ಯಡ್ ದುಡ್ಡು ಕಟ್ಟಿದರೆ ಕೆಳಗಿನ ಮಾಮೂಲಿ ಫಲಿತಾಂಶದಲ್ಲೂ ಮೇಲೆ ಬರುತ್ತೇವೆ ಅನ್ನುವ ನಂಬಿಕೆ ಒಂದಿದೆ. ಇಲ್ಲ, ಎರಡೂ ಬೇರೆ ಬೇರೆ. ಕನ್ನಡದಲ್ಲಿ ಬರೆದರೆ ಗೂಗಲ್‌ಗೆ ಅರ್ಥವಾಗಲ್ಲ ಅನ್ನುವುದು ಇನ್ನೊಂದು. ಒಂದು ಸಲ ಕನ್ನಡದಲ್ಲಿ ಏನಾದರೂ ಹುಡುಕಿ ನೋಡಿ, ಸಾಕು.

ಈಗ ನನ್ನ ಹೊಟ್ಟೆ ಉರಿಯುವ ವಿಷಯಕ್ಕೆ ಬರುತ್ತೇನೆ. ನಿಜವಾಗಿ ಉಪಯೋಗಕ್ಕೆ ಬರುವ ಕೆಲಸ ಮಾಡೋಣ ಅಂದರೆ ಯಾರಿಗೂ ಪುರುಸೊತ್ತಿಲ್ಲ. ರೂಮಿನ ರೇಟು, ಊಟದ ವಿವರ ಎಲ್ಲ ಒಂದು ಫೋಟೋದಲ್ಲಿ ಇದೆ, ಮದುವೆ ಕಾರ್ಡಿನಂತೆ ಡಿಸೈನ್ ಮಾಡಿಸಿದ್ದು. ಅದನ್ನು ಅಕ್ಷರದಲ್ಲಿ ಪುಟಕ್ಕೆ ಹಾಕಬೇಕು, ಬರೆದು ಕಳಿಸಿ ಅಂತ ಕೇಳಿ ಕೇಳಿ ಸಾಕಾಯಿತು. ಫೋಟೋ ಒಂದೊಂದೂ ಎಂಟು ಎಂಬಿ, ಘಾಟಿಯಲ್ಲಿ ಎರಡು ಕಡ್ಡಿ ಸಿಗ್ನಲ್‌ನಲ್ಲಿ ನೋಡುವವನಿಗೆ ತೆರೆಯುವಷ್ಟರಲ್ಲಿ ಬೇರೆ ಹೋಂಸ್ಟೇ ಬುಕ್ ಆಗಿರುತ್ತದೆ. ಮ್ಯಾಪಿನ ಪಿನ್ ಪಕ್ಕದವರ ಕಾಫಿ ಕಣದಲ್ಲಿ ಬಿದ್ದಿದೆ, ಸರಿ ಮಾಡೋಣ ಅಂದರೆ ಪ್ರೊಫೈಲಿನ ಲಾಗಿನ್ ಬಿಟ್ಟುಹೋದ ಮ್ಯಾನೇಜರ್ ಹತ್ತಿರ. ಕೊನೆಯ ಎರಡು ಕಿಲೋಮೀಟರ್ ಮಣ್ಣಿನ ರಸ್ತೆಯಲ್ಲಿ ಸಣ್ಣ ಕಾರು ಬರುತ್ತದಾ? ಜಿಗಣೆ ಯಾವ ತಿಂಗಳು ಜಾಸ್ತಿ? ಜೈನ ಊಟ ಸಿಗುತ್ತದಾ? ಬರುವವರೆಲ್ಲ ಫೋನ್ ಮಾಡಿ ಇದನ್ನೇ ಕೇಳುತ್ತಾರೆ, ಹುಡುಕುವುದೂ ಇದನ್ನೇ. ಇದಕ್ಕೆ ಉತ್ತರ ಸೈಟಿನಲ್ಲಿ ಒಂದು ಸಾಲೂ ಇಲ್ಲ. ಗೂಗಲ್‌ನದೇ ಸರ್ಚ್ ಕನ್ಸೋಲ್ ಅನ್ನುವ ಸಾಧನ ಪುಕ್ಕಟೆ. ಜನ ಯಾವ ಪದ ಹಾಕಿ ಹುಡುಕಿದಾಗ ನಿಮ್ಮ ಸೈಟ್ ಕಂಡಿತು ಅಂತ ಅದರಲ್ಲೇ ಇದೆ. ತೋರಿಸುತ್ತೇನೆ ಬನ್ನಿ ಅಂದರೆ "ಅದೆಲ್ಲ ನೀವೇ ನೋಡ್ಕೊಳ್ಳಿ" ಅನ್ನುತ್ತಾರೆ. ನನ್ನ ವರ್ಷದ ಫೀಸಿಗೆ ಐನೂರು ರೂಪಾಯಿ ಚೌಕಾಸಿ ಮಾಡುವವರು ಫೋನಿನಲ್ಲಿ ಮುಖ ಕಾಣದವನಿಗೆ ಹನ್ನೆರಡು ಸಾವಿರ ಒಂದೇ ಏಟಿಗೆ ಜಿಪೇ ಮಾಡುತ್ತಾರೆ!

ಗೂಗಲ್‌ನಲ್ಲಿ ಸೈಟನ್ನು ಮೇಲೆ ತರುವ ಈ ಕೆಲಸಕ್ಕೆ ಎಸ್‌ಇಒ ಅನ್ನುತ್ತಾರೆ. ಈಗ ಹೊಸ ರಾಗ ಶುರುವಾಗಿದೆ. "ಎಸ್‌ಇಒ ಹಳೇದಾಯ್ತು ಸಾರ್, ಚಾಟ್‌ಜಿಪಿಟಿಯಲ್ಲಿ ನಿಮ್ಮ ಹೆಸರೇ ಮೊದಲು ಬರೋ ಹಾಗೆ ಮಾಡ್ತೀವಿ." ನನ್ನ ಗಿರಾಕಿಗಳಲ್ಲಿ ಇಬ್ಬರು ಆಗಲೇ ರೇಟು ಕೇಳಿದ್ದಾರಂತೆ. ಕೇಳಿಕೊಳ್ಳಿ, ನಿಮ್ಮ ದುಡ್ಡು. ದಸರಾ ರಜೆ ಹತ್ತಿರ ಬರುತ್ತಿದೆ, ಆ ರೇಟ್ ಕಾರ್ಡನ್ನು ಟೈಪ್ ಮಾಡಿ ಕಳಿಸಿ. ಟೈಪ್ ಮಾಡಲು ಬೇಜಾರಾದರೆ ವಾಯ್ಸ್ ಮೆಸೇಜ್ ಆದರೂ ಹಾಕಿ, ನಾನೇ ಬರೆದುಕೊಳ್ಳುತ್ತೇನೆ.