ಗೋಡೆ ಓನರ್‌ದು, ಹಾಳಾದ ಸಾಮಾನು ಯಾರದು?

ಬೆಂಗಳೂರಲ್ಲಿ ಮನೆ ಖಾಲಿ ಮಾಡುವಾಗ ಓನರ್ ಗೋಡೆಗೆ ಹೊಡೆದ ಮೊಳೆಗಳನ್ನೂ ಎಣಿಸುತ್ತಾರೆ. ಪೇಂಟಿಂಗ್‌ಗೆ ಅಂತ ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಹಿಡಿದುಕೊಳ್ಳುತ್ತಾರೆ. ಇರಲಿ, ಒಪ್ಪಿಕೊಂಡೇ ಬಂದಿರುತ್ತೇವೆ. ಅದೇ ಗೋಡೆ ನೀರು ಕುಡಿದು ನಮ್ಮ ಸಾಮಾನು ಹಾಳಾದರೆ ಮಾತ್ರ ಯಾವ ಲೆಕ್ಕವೂ ಇಲ್ಲ.

ಹೋದ ಮಳೆಗಾಲದಲ್ಲಿ ನಮ್ಮ ಬೀರುವಿಗೆ ಹಾಗೇ ಆಯಿತು. ಮೇಲಿನ ಮನೆಯ ಬಾತ್‌ರೂಮ್ ಪೈಪಿನಿಂದ ನೀರು ಜಿನುಗಿ ಹಿಂಬದಿಯ ಪ್ಲೈವುಡ್ ಉಬ್ಬಿ ಪದರ ಪದರ ಬಿಟ್ಟಿತ್ತು. ಒಳಗಿದ್ದ ಅಮ್ಮನ ರೇಷ್ಮೆ ಸೀರೆಗೆ ಮಡಿಚಿದ ಗೆರೆಯುದ್ದಕ್ಕೂ ಬೂಷ್ಟು, ಜರಿ ಕಪ್ಪು. ಓನರ್ ಆಂಟಿಗೆ ತೋರಿಸಿದರೆ, "ಬೀರುನ ಗೋಡೆಗೆ ಅಂಟಿಸಿ ಯಾಕಮ್ಮ ಇಟ್ರಿ?" ಅಂದರು. ಒನ್ ಬಿಎಚ್‌ಕೆಯಲ್ಲಿ ಬೀರುವನ್ನು ಹಾಲ್ ಮಧ್ಯೆ ಇಡೋಕಾಗುತ್ತಾ? ಗೋಡೆಯ ಬಣ್ಣ ಕಿತ್ತು ಬಂದ ಕಡೆ ಹಳೇ ಪುಟ್ಟಿ ಹಚ್ಚಿದ ಗುರುತಿತ್ತು. ಸೋರಿಕೆ ನಮಗಿಂತ ಮೊದಲೇ ಆ ಮನೆಗೆ ಬಂದಿತ್ತು ಅಂತ ಕಾಣುತ್ತದೆ.

ಕಾನೂನು ಇಲ್ಲ ಅಂತಲ್ಲ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ ಓದಿ. ಓನರ್‌ಗೆ ಗೊತ್ತಿದ್ದು, ಬಾಡಿಗೆಗೆ ಬರುವವರ ಕಣ್ಣಿಗೆ ಸುಲಭಕ್ಕೆ ಬೀಳದ ದೊಡ್ಡ ದೋಷವಿದ್ದರೆ ಮೊದಲೇ ಹೇಳಬೇಕು. ಅವರು ಮಾಡಿಸಲೇಬೇಕಾದ ರಿಪೇರಿಯನ್ನು ನಾವು ತಿಳಿಸಿದ ಮೇಲೂ ಮಾಡಿಸದಿದ್ದರೆ, ನಾವೇ ಮಾಡಿಸಿ ಖರ್ಚನ್ನು ಬಡ್ಡಿ ಸಮೇತ ಬಾಡಿಗೆಯಲ್ಲಿ ಕಳೆಯಬಹುದು. ತೊಡಕು ಏನಂದರೆ, ಅಗ್ರಿಮೆಂಟಿನಲ್ಲಿ ಬೇರೆ ಥರ ಬರೆದಿದ್ದರೆ ಅದೇ ನಡೆಯುತ್ತದೆ. ಛಾಪಾ ಕಾಗದದ ಅಂಗಡಿಯಲ್ಲಿ ಪ್ರಿಂಟ್ ತೆಗೆದ ಆ 11 ತಿಂಗಳ ಅಗ್ರಿಮೆಂಟನ್ನು ನಮ್ಮಲ್ಲಿ ಎಷ್ಟು ಜನ ಓದಿ ಸಹಿ ಹಾಕಿದ್ದೇವೆ? ಮತ್ತೆ, ಕಳೆಯಬಹುದಾದದ್ದು ರಿಪೇರಿ ಖರ್ಚು ಮಾತ್ರ. ಸೀರೆಗೆ ಪರಿಹಾರ ಬೇಕಂದರೆ ಓನರ್ ನಿರ್ಲಕ್ಷ್ಯವನ್ನು ಸಿವಿಲ್ ಕೋರ್ಟಿನಲ್ಲಿ ತೋರಿಸಬೇಕು. ಒಂದು ಬೀರುವಿಗಾಗಿ ಯಾರು ಹೋಗ್ತಾರೆ?

1999ರ ಕರ್ನಾಟಕ ಬಾಡಿಗೆ ಕಾಯ್ದೆ ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅನ್ವಯಿಸುವುದೇ ಇಲ್ಲ. ಆ ಬಾಡಿಗೆಗೆ ಈಗ ಬೈಕ್ ನಿಲ್ಲಿಸೋ ಜಾಗ ಸಿಕ್ಕರೆ ಪುಣ್ಯ. 2021ರ ಕೇಂದ್ರದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ಕಟ್ಟಡದ ರಿಪೇರಿ, ಪೈಪು, ವೈರಿಂಗ್ ಓನರ್ ಪಾಲಿಗೆ, ನಲ್ಲಿಯ ವಾಷರ್, ಸ್ವಿಚ್ಚಿನಂಥ ಸಣ್ಣಪುಟ್ಟದ್ದು ನಮ್ಮ ಪಾಲಿಗೆ. ಆದರೆ ಅದು ಬರೀ ಮಾದರಿ, ರಾಜ್ಯಗಳು ತಮ್ಮದಾಗಿ ಮಾಡಿಕೊಂಡರೆ ಉಂಟು.

ಎಲ್ಲವನ್ನೂ ಓನರ್ ತಲೆಗೆ ಕಟ್ಟಿ ಅಂತ ನಾನು ಹೇಳ್ತಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಯಮಲೂರು ಕಡೆ ನೀರು ನುಗ್ಗಿದಾಗ ಓನರ್‌ಗಳ ಮನೆಗಳೂ ಮುಳುಗಿದ್ದವು. ಪೈಪ್ ರಾತ್ರೋರಾತ್ರಿ ಒಡೆದರೆ ಅವರು ತಾನೆ ಏನು ಮಾಡ್ತಾರೆ? ಆದರೆ ಪ್ರತಿ ಮಳೆಗೂ ನೀರು ನಿಲ್ಲುವ ಗ್ರೌಂಡ್ ಫ್ಲೋರನ್ನು ಸುಣ್ಣ ಬಳಿದು, ಬಾಯಿ ಮುಚ್ಚಿಕೊಂಡು ಬಾಡಿಗೆಗೆ ಕೊಡೋದು ಬೇರೆ. ಗೊತ್ತಿದ್ದೂ ಮುಚ್ಚಿಟ್ಟರೆ, ಹೇಳಿದ ಮೇಲೂ ಸುಮ್ನೆ ಕೂತರೆ, ಆಮೇಲೆ ಹಾಳಾದದ್ದನ್ನು ಅವರೇ ತುಂಬಿಕೊಡಬೇಕು.

ಅದಕ್ಕೇ ಫೋನಲ್ಲಿ ಗೋಗರೆಯಬೇಡಿ. ತೇವ ಕಂಡ ದಿನವೇ ಫೋಟೋ ತೆಗೆದು ವಾಟ್ಸಾಪ್ ಮಾಡಿ. ಹೇಳಿದ್ದಕ್ಕೆ ತಾರೀಖಿನ ಸಮೇತ ದಾಖಲೆ ಇರುತ್ತದೆ. ಹೊಸ ಮನೆಯ ಅಗ್ರಿಮೆಂಟಿಗೆ ನಾನೊಂದು ಸಾಲು ಸೇರಿಸೋಕೆ ಕೇಳಿದ್ದೇನೆ: ಸೋರಿಕೆ ತಿಳಿಸಿದ ಹದಿನೈದು ದಿನದೊಳಗೆ ರಿಪೇರಿ ಆಗದಿದ್ದರೆ, ನಂತರದ ಸಾಮಾನಿನ ನಷ್ಟ ಓನರ್‌ದು. ಬ್ರೋಕರ್ ನಕ್ಕ. ಓನರ್ ಅಂಕಲ್ ಮಾತ್ರ ಸ್ವಲ್ಪ ಯೋಚಿಸಿ, "ಹದಿನೈದು ಆಗಲ್ಲ, ಒಂದು ತಿಂಗಳು ಅಂತ ಬರೀರಿ" ಅಂದರು. ಬರೆಸಿದೆ.